ಬಾನಿ ಹೊಲಿದ ಕೈ

ದಾಳಿಂಬೆ ಸವರೋ ಕತ್ತರಿ ಇಟ್ಕೊಳ್ಳೋಕೆ ನಾನೇ ಹೊಲ್ಕೊಂಡ ತೊಗಲಿನ ಚೀಲದ ಫೋಟೋ ನೋಡಿ ಸುಮಾರು ಜನ ವಿಚಾರಿಸಿದ್ರಿ. ತೊಗಲು ಎಂಥದ್ದು, ಎಷ್ಟು ದಪ್ಪ, ಮೆಷಿನ್ ಬೇಕಾ ಅಂತ. ಮೊದಲು ಅದಕ್ಕೆ ಉತ್ತರ ಹೇಳಿ ಆಮೇಲೆ ಅಸಲು ವಿಷಯಕ್ಕೆ ಬರ್ತೀನಿ. ಇವತ್ತಿನ ಬರಹ ಉದ್ದ ಇದೆ, ಸಂಜೆ ಬಿಡುವಾದಾಗ ಓದಿ.

ಕತ್ತರಿ, ಕುಡುಗೋಲು ಇಡೋ ಚೀಲಕ್ಕೆ ತೊಗಟೆಯಿಂದ ಹದ ಮಾಡಿದ ತೊಗಲು ಬೇಕು. ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪ ಇದ್ರೆ ಸಾಕು. ಮೇಣ ಹಚ್ಚಿದ ದಾರ, ಎರಡು ಮೊಂಡು ಸೂಜಿ, ತೂತು ಮಾಡೋಕೆ ಒಂದು ಆರೆ, ಒಂದು ಹರಿತವಾದ ಕತ್ತಿ. ಮೆಷಿನ್ ಬೇಡ. ದಾರದ ಎರಡೂ ತುದಿಗೆ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು ಈ ಕಡೆಯಿಂದ ಒಂದು ದಾಟಿಸ್ತಾ ಹೋಗಬೇಕು. ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಂಡಿ ಹಾಕ್ಕೊಂಡಿರ್ತವೆ. ಒಂದು ಕಡೆ ಕಿತ್ತರೆ ಸಾಲಾಗಿ ಬಿಟ್ಕೊಂಡು ಹೋಗುತ್ತೆ. ಎರಡು ಸೂಜಿಯ ಕೈಹೊಲಿಗೆಯಲ್ಲಿ ಒಂದು ದಾರ ತುಂಡಾದ್ರೂ ಇನ್ನೊಂದು ಹಿಡ್ಕೊಂಡಿರುತ್ತೆ. ಮಳೆಯಲ್ಲಿ ನೆನೆದ್ರೆ ನೆರಳಲ್ಲಿ ಒಣಗಿಸಿ ಸ್ವಲ್ಪ ಎಣ್ಣೆ ಸವರಿ. ಬಿಸಿಲಿಗೆ ಹಾಕಿದ್ರೆ ಹಪ್ಪಳ ಆಗುತ್ತೆ. ಇಷ್ಟೇ ವಿದ್ಯೆ. ಮಿಕ್ಕಿದ್ದು ಕೈ ಅಭ್ಯಾಸ.

ನನಗೆ ಇದು ಸುಗ್ಗಿ ಮುಗಿದ ಮೇಲಿನ ಹವ್ಯಾಸ. ಹೊಲಿದ್ರೆ ಖುಷಿ, ಹೊಲೀದಿದ್ರೆ ನಷ್ಟ ಇಲ್ಲ. ಆದ್ರೆ ಒಂದೊಂದು ತೂತು ಚುಚ್ಚುವಾಗಲೂ ಒಂದು ಯೋಚನೆ ಬರುತ್ತೆ. ನಮ್ಮ ತಾತಂದಿರ ಕಾಲದಲ್ಲಿ ಈ ಕೆಲಸ ಹವ್ಯಾಸ ಆಗಿರಲಿಲ್ಲ. ಒಂದು ತೊಗಲಿನ ಚೀಲ ಹರಿದು ಹೋದ್ರೆ ಅವತ್ತು ತೋಟಕ್ಕೆ ನೀರಿಲ್ಲ. ಆ ಚೀಲ ಯಾವುದು ಅಂತ ಐವತ್ತು ದಾಟಿದವರಿಗೆ ಗೊತ್ತಿರುತ್ತೆ. ಕಪಿಲೆ ಬಾನಿ.

ಚಿಕ್ಕವರಿಗೋಸ್ಕರ ಹೇಳ್ತೀನಿ. ಕಪಿಲೆ ಅಂದ್ರೆ ಎತ್ತು ಕಟ್ಟಿ ಬಾವಿಯಿಂದ ನೀರೆತ್ತೋ ಏರ್ಪಾಡು. ತಮಿಳುನಾಡಿನಲ್ಲಿ ಇದಕ್ಕೇ ಕವಲೈ ಅಂತಾರೆ, ಮಹಾರಾಷ್ಟ್ರದಲ್ಲಿ ಮೋಟ ಅಂತಾರೆ. ಬಾವಿ ದಡದಲ್ಲಿ ಎರಡು ಕಲ್ಲುಕಂಬ, ಮಧ್ಯೆ ರಾಟೆ. ರಾಟೆ ಮೇಲೆ ದಪ್ಪ ಹಗ್ಗ, ಹಗ್ಗದ ಒಂದು ತುದಿ ಎತ್ತಿನ ನೊಗಕ್ಕೆ, ಇನ್ನೊಂದು ತುದಿ ಬಾನಿಗೆ. ಬಾವಿಯಿಂದ ಆಚೆಗೆ ಇಳಿಜಾರು ದಾರಿ. ಎತ್ತು ಇಳಿಜಾರಿನಲ್ಲಿ ಕೆಳಕ್ಕೆ ನಡೆದ್ರೆ ಬಾನಿ ಮೇಲಕ್ಕೆ ಬರುತ್ತೆ. ಹೊಡೆಯೋನು ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಸೇರಿಸ್ತಿದ್ದ. ಮತ್ತೆ ಎತ್ತನ್ನ ಹಿಂದಕ್ಕೆ ನಡೆಸಿದ್ರೆ ಬಾನಿ ಬಾವಿಗಿಳಿಯುತ್ತೆ.

ಈ ಏರ್ಪಾಡಿನ ಜಾಣತನ ಪೂರ್ತಿ ಇದ್ದದ್ದು ಆ ಚೀಲದಲ್ಲಿ. ಬಾನಿಯ ಬಾಯಿ ದೊಡ್ಡದು, ಕಬ್ಬಿಣದ ಬಳೆ ಹಾಕಿರ್ತಿದ್ರು. ತಳದಲ್ಲಿ ಆನೆ ಸೊಂಡಿಲಿನ ಥರ ಉದ್ದನೆ ತೊಗಲಿನ ಕೊಳವೆ. ಅದಕ್ಕೆ ಬೇರೆ ಒಂದು ಸಣ್ಣ ಹಗ್ಗ. ಬಾನಿ ಮೇಲೆ ಬರುವಾಗ ಸೊಂಡಿಲು ಮಡಚ್ಕೊಂಡು, ಅದರ ತುದಿ ಬಾನಿ ಬಾಯಿಯ ಮಟ್ಟಕ್ಕೆ ನಿಂತಿರುತ್ತೆ, ಹಾಗಾಗಿ ನೀರು ಚೆಲ್ಲಲ್ಲ. ದಡಕ್ಕೆ ಬಂದ ತಕ್ಷಣ ಸಣ್ಣ ಹಗ್ಗ ಸೊಂಡಿಲನ್ನ ಕಲ್ಲಿನ ದೋಣಿ ಮೇಲಕ್ಕೆ ಎಳೆಯುತ್ತೆ, ಬಾನಿ ಮಾತ್ರ ಇನ್ನೂ ಮೇಲಕ್ಕೆ ಹೋಗುತ್ತೆ, ನೀರು ತಾನಾಗಿ ಸುರೀತದೆ. ಬಾನಿ ಬಗ್ಗಿಸೋಕೆ ಬಾವಿ ದಡದಲ್ಲಿ ಇನ್ನೊಬ್ಬ ಆಳು ಬೇಡ. ಒಂದು ಆಳು ಉಳಿಸಿದ್ದು ಆ ಸೊಂಡಿಲು. ಮುಂದೆ ಕಬ್ಬಿಣದ ತಗಡಿನ ಬಾನಿ ಬಂದ ಮೇಲೂ ಸೊಂಡಿಲು ತೊಗಲಿನದೇ ಇತ್ತು, ಯಾಕಂದ್ರೆ ಮಡಚಿ ಬಿಚ್ಚೋಕೆ ತಗಡಿಗೆ ಬರಲ್ಲ.

ಇದರ ಮೇಲೆ ಎಷ್ಟು ಭಾರ ಬಿದ್ದಿತ್ತು ಅಂತ ಒಂದು ಲೆಕ್ಕ ಹಾಕೋಣ. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸೋಕೆ ಸುಮಾರು 1,02,800 ಲೀಟರ್ ಬೇಕು. ಬಾನಿಗೆ 120 ಲೀಟರ್ ಅಂತ ಇಟ್ಕೊಳ್ಳಿ. 850 ಸಲಕ್ಕಿಂತ ಜಾಸ್ತಿ ಬಾನಿ ಮೇಲೆ ಬರಬೇಕು. ಬಾವಿ 30 ಅಡಿ ಆಳ ಅಂದ್ರೆ ಎತ್ತು ಒಂದು ಸಲಕ್ಕೆ ಹೋಗಿ ಬರೋದು 60 ಅಡಿ. 850 ಸಲಕ್ಕೆ 51,000 ಅಡಿ, ಹದಿನೈದು ಕಿಲೋಮೀಟರಿಗೂ ಮೇಲೆ. ಅರ್ಧ ದಾರಿ ಭಾರ ಎಳ್ಕೊಂಡು, ಅರ್ಧ ದಾರಿ ಹಿಂದಿಂದಕ್ಕೆ ಹೆಜ್ಜೆ ಇಟ್ಕೊಂಡು. ಇದು ಒಂದೇ ಒಂದು ಅಂಗುಲಕ್ಕೆ! ಇವತ್ತು ಸೆಕೆಂಡಿಗೆ 4 ಲೀಟರ್ ಎಸೆಯೋ ಪಂಪು ಇದೇ ಕೆಲಸವನ್ನ ಏಳು ಗಂಟೆಯಲ್ಲಿ ಮಾಡುತ್ತೆ, ಕರೆಂಟ್ ಇದ್ರೆ. ಅವತ್ತು ಎತ್ತು ದಣೀತಿತ್ತು, ಆಳು ದಣೀತಿದ್ದ, ಬೇಸರ ಕಳೆಯೋಕೆ ಕಪಿಲೆ ಹಾಡು ಹೇಳ್ತಿದ್ದ. ಅಷ್ಟೂ ಸಲ 120 ಕೇಜಿ ತೂಗಿ ಹಿಡಿದಿದ್ದು ಒಂದು ಹೊಲಿಗೆ.

ನಮ್ಮೂರಲ್ಲಿ ಎಂಬತ್ತು ದಾಟಿದ ಒಬ್ಬ ಹಿರಿಯರಿದ್ದಾರೆ. ಹುಡುಗನಾಗಿದ್ದಾಗ ಅಪ್ಪನ ಜೊತೆ ಕೂತು ಬಾನಿ ಹೊಲಿದವರು. ಅವರ ಒಪ್ಪಿಗೆ ಕೇಳದೆ ಹೆಸರು ಬರೆಯಲ್ಲ. ನನ್ನ ಕತ್ತರಿ ಚೀಲ ತೋರಿಸಿದೆ. ತಿರುಗಿಸಿ ನೋಡಿ, ಹೊಲಿಗೆ ಮೇಲೆ ಉಗುರು ಎಳೆದ್ರು. ಒಣ ಚೀಲಕ್ಕೆ ಇದು ಸಾಕು, ನೀರು ಹೊರೋದಕ್ಕೆ ಸಾಲದು ಅಂತ ಹೇಳಿ, ಬಾನಿ ಹೊಲಿಗೆಯನ್ನ ವಿವರಿಸಿದ್ರು. ಬಾನಿಗೆ ನೂಲಿನ ದಾರ ಅಲ್ಲ, ತೊಗಲಿನದೇ ಸಣ್ಣ ಬಾರು. ತೂತು ಬಾರಿಗಿಂತ ಚಿಕ್ಕದಿರಬೇಕು, ಎಳೆದು ಬಿಗೀಬೇಕು. ನೀರಿಗೆ ಬಿದ್ದ ಮೇಲೆ ಬಾರು ಉಬ್ಬಿ ತೂತನ್ನ ತಾನೇ ಮುಚ್ಕೊಳ್ಳುತ್ತೆ. ಬಾನಿ ಒಣಗೋಕೆ ಬಿಡಬಾರದು, ಬಿಟ್ಟರೆ ಎಣ್ಣೆ ಕುಡಿಸಿಡಬೇಕು. ಮೇಲ್ಮೈ ಸವೆದು ಸೋರೋಕೆ ಶುರುವಾದ್ರೆ ತೇಪೆ, ತೇಪೆ ಮೇಲೆ ತೇಪೆ. ಒಂದೆರಡು ಸುಗ್ಗಿ ಬಂದ್ರೆ ಪುಣ್ಯ. ಒಂದು ಬಾನಿಗೆ ಒಂದು ಪೂರ್ತಿ ತೊಗಲು ಹೋಗ್ತಿತ್ತಂತೆ.

ಹೊಲಿಗೆಗಿಂತ ಮುಂಚೆ ಹದ ಇದೆ. ಹಸಿ ತೊಗಲು ನಾಲ್ಕು ದಿನದಲ್ಲಿ ಕೊಳೆಯುತ್ತೆ. ಅದನ್ನ ನೀರಲ್ಲಿ ನೆನೆಸಿ, ಸುಣ್ಣದ ಗುಂಡಿಗೆ ಹಾಕಿ, ಕೂದಲು ಕೆರೆದು, ಒಳಗಿನ ಮಾಂಸದ ಪೊರೆ ತೆಗೆದು, ಸುಣ್ಣ ಹೋಗೋ ತನಕ ತೊಳೆದು, ಆಮೇಲೆ ತೊಗಟೆ ರಸಕ್ಕೆ ಹಾಕ್ತಿದ್ರು. ತೊಗಟೆ ಯಾವುದು? ನಮ್ಮ ಹೊಲದ ಬದು, ಗೋಮಾಳದಲ್ಲಿ ಹಳದಿ ಹೂ ಬಿಡುತ್ತಲ್ಲ, ತಂಗಡಿ. ಕೆಲವರು ಆವರಿಕೆ ಅಂತಾರೆ. ಈಗ ನಾವು ಅದನ್ನ ಕಳೆ ಅಂತ ಜೆಸಿಬಿಯಲ್ಲಿ ಕೀಳಿಸ್ತೀವಿ. ದಕ್ಷಿಣ ಭಾರತದ ತೊಗಲಿನ ಉದ್ಯಮ ಬಹಳ ಕಾಲ ನಿಂತಿದ್ದೇ ಈ ಗಿಡದ ಮೇಲೆ. ಮದ್ರಾಸಿನಿಂದ ಲಂಡನ್ನಿಗೆ ಹಡಗಿನಲ್ಲಿ ಹೋಗ್ತಿದ್ದ ಹದದ ತೊಗಲಿಗೆ ತಂಗಡಿಯದೇ ಬಣ್ಣ. ಹಳ್ಳಿಯಲ್ಲಿ ಇನ್ನೊಂದು ವಿಧಾನವೂ ಇತ್ತು. ತೊಗಲನ್ನೇ ಚೀಲದ ಹಾಗೆ ಹೊಲಿದು ತೂಗುಹಾಕಿ, ಒಳಗೆ ತೊಗಟೆ ಮತ್ತು ರಸ ತುಂಬೋದು. ರಸ ತೊಗಲಿನ ಮೂಲಕ ಜಿನುಗಿ ಕೆಳಗಿನ ಮಡಕೆಗೆ ಬೀಳುತ್ತೆ, ಅದನ್ನ ಮತ್ತೆ ಮೇಲಕ್ಕೆ ಸುರಿಯೋದು. ಕೆಲವು ದಿನ ಆದ ಮೇಲೆ ತಲೆಕೆಳಗು ಮಾಡಿ ಮತ್ತೆ ಅದೇ ಕೆಲಸ.

ಈ ರಸ ಏನು ಮಾಡುತ್ತೆ ಅಂತ ಅಡಿಕೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಬೇಯಿಸಿದ ಚೊಗರು ಕೈಗೆ ಹತ್ತಿದ್ರೆ ಚರ್ಮ ಬಿಗಿ ಹಿಡಿದು ಕಪ್ಪಾಗುತ್ತಲ್ಲ, ಅದೇ ಗುಣ. ತೊಗಟೆಯ ಒಗರು ತೊಗಲಿನ ನಾರಿಗೆ ಅಂಟ್ಕೊಂಡು ಕೊಳೆಯದ ಹಾಗೆ ಮಾಡುತ್ತೆ. ಒಗರು, ಸುಣ್ಣ, ದಿನದ ಲೆಕ್ಕ ಇವೆಲ್ಲಾ ಒಂದು ವಿಜ್ಞಾನ. ಅದನ್ನ ಪುಸ್ತಕ ಇಲ್ಲದೆ, ಬರೀ ಕೈ ಮತ್ತು ಮೂಗಿನ ಅಂದಾಜಿನಲ್ಲಿ ನಡೆಸ್ತಿದ್ರು.

ಇದರ ಲಿಖಿತ ದಾಖಲೆಯೂ ಇದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ. ಯಾವ ಊರಲ್ಲಿ ಯಾವ ಬೆಳೆ, ನೀರು ಹೇಗೆ ಎತ್ತುತಾರೆ, ಕಣದಲ್ಲಿ ರಾಶಿ ಹೇಗೆ ಹಂಚ್ಕೊಳ್ತಾರೆ ಅಂತ ಎಲ್ಲವನ್ನೂ ಬರ್ಕೊಂಡ. ಬೆಂಗಳೂರಿನಲ್ಲಿ ಮಾದಿಗ ಸಮುದಾಯದವರು ತೊಗಲು ಹದ ಮಾಡೋ ರೀತಿಯನ್ನೂ, ಸುಣ್ಣ, ತಂಗಡಿ ತೊಗಟೆ ಸಮೇತ, ಬರೆದಿಟ್ಟ. ಊರಲ್ಲಿ ಯಾರೂ ನಿಂತು ನೋಡದ ಕೆಲಸವನ್ನ ಪರದೇಶದವನು ಕೂತು ಬರ್ಕೊಂಡಿದ್ದ.

ಬಾನಿ ಒಂದೇ ಅಲ್ಲ. ಬೇಸಾಯದ ಸಾಮಾನನ್ನ ಎಣಿಸ್ತಾ ಹೋಗಿ. ನೊಗಕ್ಕೆ ಬಿಗಿಯೋ ಮಿಣಿ. ಬಾರುಕೋಲಿನ ಬಾರು. ಕಾಲಿಗೆ ಎಕ್ಕಡ. ನೇಗಿಲ ಗುಳ ಕಾಯಿಸೋ ಕುಲುಮೆಯ ತಿದಿ. ನೀರು ಹೊರೋ ತಿತ್ತಿ. ಊರ ಹಬ್ಬಕ್ಕೆ ತಮಟೆ. ಚೀಲಕ್ಕೆ ನಮ್ಮ ಭಾಷೆಯಲ್ಲಿ ಎಷ್ಟು ಗೌರವ ಇತ್ತು ಅಂದ್ರೆ ಅದು ಜನರ ಹೆಸರಿಗೇ ಸೇರಿದೆ. ಬಸವಣ್ಣನವರಿಗೆ ಎಲೆ ಅಡಿಕೆ ಹಡಪ ಹಿಡೀತಿದ್ದ ಶರಣ ಹಡಪದ ಅಪ್ಪಣ್ಣ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿದು, ಕಾವ್ಯ ಬರೆದವರು ಸಂಚಿ ಹೊನ್ನಮ್ಮ. ಚೀಲ ಹಿಡಿದವರ ಹೆಸರು ಉಳೀತು. ಚೀಲ ಹೊಲಿದವರದ್ದು?

ಒಂದು ಕಾಲದಲ್ಲಿ ಅದೂ ಉಳಿದಿತ್ತು. ಹನ್ನೆರಡನೇ ಶತಮಾನದ ಶರಣರಲ್ಲಿ ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಹರಳಯ್ಯ, ಇವರೆಲ್ಲಾ ತೊಗಲಿನ ಕೆಲಸದವರು. ಚೆನ್ನಯ್ಯನ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಟ ಅನ್ನೋ ಮೂರು ಸಲಕರಣೆ ಬರ್ತವೆ. ತನ್ನ ಕಸುಬಿನ ಉಪಕರಣವನ್ನ ರುಜುವಿನಲ್ಲೇ ಇಟ್ಟ ಮನುಷ್ಯ ಅದು ಕೀಳು ಅಂತ ತಿಳಿದಿರಲಿಲ್ಲ. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಅದೇ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನ ಕೊಟ್ಟು ಮದುವೆ ಮಾಡಿದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರೀತು ಅನ್ನೋದೂ ಗೊತ್ತು. ಪಾದರಕ್ಷೆ ಕಥೆಯನ್ನ ನಾವು ಭಕ್ತಿಯಿಂದ ಹೇಳ್ತೀವಿ, ಮದುವೆ ಕಥೆ ಬಂದಾಗ ದನಿ ಇಳಿಸ್ತೀವಿ.

ಈಗ ನಮ್ಮ ಹಳ್ಳಿ ಲೆಕ್ಕಕ್ಕೆ ಬರೋಣ. ಬಾನಿ ಹೊಲಿದವರಿಗೆ ದುಡ್ಡು ಕೊಡೋ ಪದ್ಧತಿ ಇರಲಿಲ್ಲ. ಆಯ ಇತ್ತು. ಸುಗ್ಗಿಯಲ್ಲಿ ಕಣಕ್ಕೆ ಬಂದ್ರೆ ರಾಶಿಯಿಂದ ಇಷ್ಟು ಮೊರ ಅಂತ ಅಳೆದು ಹಾಕೋದು. ಊರಲ್ಲಿ ಸತ್ತ ದನ ಅವರ ಪಾಲಿಗೆ, ಅದರ ಬದಲು ವರ್ಷಪೂರ್ತಿ ಮಿಣಿ, ಬಾರು, ಎಕ್ಕಡ, ಬಾನಿ ಎಲ್ಲಾ ಅವರೇ ಪೂರೈಸಬೇಕು. ಮಳೆ ಹೋದ ವರ್ಷ ರಾಶಿ ಚಿಕ್ಕದು, ಆಯವೂ ಚಿಕ್ಕದು. ಆದ್ರೆ ಬರದ ವರ್ಷದಲ್ಲೇ ಕಪಿಲೆ ಹೆಚ್ಚು ಓಡೋದು, ಬಾನಿ ಹೆಚ್ಚು ಹರಿಯೋದು. ಕೆಲಸ ಎರಡರಷ್ಟು, ಕಾಳು ಅರ್ಧದಷ್ಟು. ಈ ಲೆಕ್ಕವನ್ನ ಹಿರಿಯರು ಕೋಪ ಇಲ್ಲದೆ, ಮಳೆ ಬೆಳೆ ಮಾತಾಡಿದ ಹಾಗೇ ಹೇಳಿದ್ರು. ಕೇಳಿಸ್ಕೊಂಡ ನನಗೆ ಮುಜುಗರ ಆಯ್ತು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅವರು ಹೊಲಿದ ಬಾನಿ ದಿನಕ್ಕೆ ನೂರಾರು ಸಲ ಬಾವಿಗೆ ಇಳೀತಿತ್ತು. ಆ ನೀರಲ್ಲಿ ಎಲೆಬಳ್ಳಿ, ತೆಂಗು, ರಾಗಿ ಪೈರು ಬೆಳೀತಿತ್ತು. ಹೊಲದಲ್ಲಿ ದುಡಿಯೋರು ಅದೇ ಕಾಲುವೆಗೆ ಬೊಗಸೆ ಒಡ್ಡಿ ಕುಡೀತಿದ್ರು. ಆದ್ರೆ ಹೊಲಿದವರ ಕೊಡ ಆ ಬಾವಿಗೆ ಇಳಿಯೋ ಹಾಗಿರಲಿಲ್ಲ. ಯಾರಾದ್ರೂ ಸೇದಿ ಹಾಕೋ ತನಕ ದೂರ ನಿಂತಿರಬೇಕು. ಅವರ ಕೈಕೆಲಸ ಬಾವಿಗೆ ಇಳೀಬಹುದಿತ್ತು, ಕೈ ಇಳಿಯೋ ಹಾಗಿರಲಿಲ್ಲ. ನಮ್ಮ ನೀರಾವರಿ ಚರಿತ್ರೆಯಲ್ಲಿ ಇದನ್ನ ಬಿಟ್ಟು ಬರೆದ್ರೆ ಅದು ಅರ್ಧ ಚರಿತ್ರೆ.

ಬಾನಿಯ ಕಥೆ ಹೇಗೆ ಮುಗೀತು ಅನ್ನೋದರಲ್ಲಿ ಒಂದು ವಿಚಿತ್ರ ಇದೆ. ಮದ್ರಾಸಿನ ಕಲಾ ಶಾಲೆಯಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಅನ್ನೋ ಎಂಜಿನಿಯರ್ ಇದ್ದ. 1903ರ ಹೊತ್ತಿಗೆ ಅವನು ಕ್ರೋಮ್ ಉಪ್ಪಿನಿಂದ ತೊಗಲು ಹದ ಮಾಡೋ ಪ್ರಯೋಗ ಶುರು ಮಾಡಿದ. ತೊಗಟೆ ಹದ ಸದಾ ನೀರಲ್ಲಿದ್ರೆ ನಿಧಾನಕ್ಕೆ ಬಿಟ್ಕೊಳ್ಳುತ್ತೆ, ಕ್ರೋಮ್ ಹದ ಬಿಡಲ್ಲ. ಆ ತೊಗಲಿನ ಒಂದು ಮುಖ್ಯ ಉಪಯೋಗ ಅಂತ ಅವನು ಕಂಡಿದ್ದೇ ಕವಲೈ ಬಾನಿಗೆ. ರೈತನ ಬಾನಿ ಹೆಚ್ಚು ದಿನ ಬಾಳಲಿ ಅಂತ. ಅದೇ ಮನುಷ್ಯ ಅದೇ ವರ್ಷಗಳಲ್ಲಿ ಬಾವಿಗೆ ಆಯಿಲ್ ಎಂಜಿನ್ ಪಂಪು ಕೂರಿಸೋ ಕೆಲಸವನ್ನೂ ಮುಂದೆ ನಿಂತು ನಡೆಸಿದ. ಆಮೇಲೆ ಮೈಸೂರಿಗೆ ಬಂದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–1918) ಇಲ್ಲಿನ ಕೈಗಾರಿಕೆ ಇಲಾಖೆ ನೋಡ್ಕೊಂಡ. ಒಂದು ಕೈಯಲ್ಲಿ ಬಾನಿಗೆ ಆಯಸ್ಸು, ಇನ್ನೊಂದು ಕೈಯಲ್ಲಿ ಬಾನಿಗೆ ಮೃತ್ಯು. ಗೆದ್ದಿದ್ದು ಪಂಪು. ಗೆಲ್ಲಬೇಕಾಗಿದ್ದೂ ಅದೇ, ಎತ್ತಿನ ಕಷ್ಟ ನೋಡಿದವರು ಯಾರೂ ಕಪಿಲೆ ವಾಪಸ್ ಬರಲಿ ಅನ್ನಲ್ಲ.

ನಮ್ಮ ಕಡೆ ಊರೂರಿಗೆ ಕರೆಂಟ್ ಬಂದ ಮೇಲೆ, 1960–70ರ ದಶಕಗಳಲ್ಲಿ ಕಪಿಲೆಗಳು ಒಂದೊಂದಾಗಿ ನಿಂತವು. ರಾಟೆ ಹಿತ್ತಲಿಗೆ ಹೋಯ್ತು. ಪಂಪು ತಗೊಳ್ಳೋಕೆ ನಮಗೆ ಸಾಲ ಸಿಕ್ತು, ಮುಂದೆ ಕರೆಂಟ್ ಬಿಲ್ಲೂ ಮಾಫಿ ಆಯ್ತು. ಬಾನಿ ಹೊಲೀತಿದ್ದವರಿಗೆ ಆಯ ನಿಂತ್ಹೋಯ್ತು, ಅದರ ಬದಲಿಗೆ ಕೈಗೆ ಏನೂ ಬರಲಿಲ್ಲ. ಹೊಲ ಇದ್ದವರಿಗೆ ಬದಲಾವಣೆ ಲಾಭ ತಂತು, ಹೊಲ ಇಲ್ಲದವರು ಬೆಂಗಳೂರು ಬಸ್ಸು ಹತ್ತಿದ್ರು.

ಈಗ ಕಾಲ ಇನ್ನೊಂದು ಸುತ್ತು ಬಂದಿದೆ. ಕೈಯಲ್ಲಿ ಹೊಲಿದ ತೊಗಲಿನ ಚೀಲ, ತೊಗಟೆ ಹದ ಅಂದ್ರೆ ಪಟ್ಟಣದ ಅಂಗಡಿಯಲ್ಲಿ ಬೆಲೆ ಜಾಸ್ತಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ತು, ಅದರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಥರದ ಚಪ್ಪಲಿಯನ್ನ ಮೂಲದ ಹೆಸರು ಹೇಳದೆ ಮಿಲಾನ್ ವೇದಿಕೆ ಮೇಲೆ ನಡೆಸಿತು. ಗಲಾಟೆ ಆದ ಮೇಲೆ ಭಾರತದ ಕಸುಬಿನ ಪ್ರೇರಣೆ ಅಂತ ಒಪ್ಕೊಂಡಿತು. ನಾವೆಲ್ಲಾ ಪರದೇಶದವರ ಮೇಲೆ ಕೋಪ ಮಾಡ್ಕೊಂಡ್ವಿ. ಸರಿಯೇ. ಆದ್ರೆ ಹೆಸರು ಹೇಳದೆ ಕೆಲಸ ತಗೊಂಡವರಲ್ಲಿ ಮಿಲಾನಿನವರು ಮೊದಲಿಗರಲ್ಲ. ನಮ್ಮ ಬಾವಿಗಳ ಮೇಲೆ ಯಾರ ಹೆಸರಿದೆ ನೋಡಿ.

ಇಷ್ಟು ಬರೆಯೋದಕ್ಕೆ ಕಾರಣ ಇದೆ. ನಮ್ಮೂರ ದೊಡ್ಡ ಕಪಿಲೆ ಬಾವಿಯ ಹೂಳು ತೆಗೀತಿದ್ದಾರೆ. ಕಲ್ಲುಕಂಬ ಎರಡೂ ಗಟ್ಟಿ ಇವೆ, ದೋಣಿ ಒಂದು ಕಡೆ ಸೀಳಿದೆ. ಕೆಲಸ ಮುಗಿದ ಮೇಲೆ ಒಂದು ಕಲ್ಲು ನಿಲ್ಲಿಸಿ ಬಾವಿಯ ಚರಿತ್ರೆ ಕೆತ್ತಿಸ್ಬೇಕು ಅಂತ ತೀರ್ಮಾನ ಆಗಿದೆ. ತೋಡಿಸಿದ ಮನೆತನದ ಹೆಸರು ಬರುತ್ತೆ, ಕಲ್ಲು ಕಟ್ಟಿದ ಒಡ್ಡರ ಹೆಸರು ಬರುತ್ತೆ, ಈಗ ದುಡ್ಡು ಕೊಟ್ಟವರ ಹೆಸರಂತೂ ಬಂದೇ ಬರುತ್ತೆ. ಬಾನಿ ಹೊಲಿದವರ ಹೆಸರೂ ಬರಲಿ ಅಂದೆ. ಅವರಿಗೆ ಆಯ ಕೊಟ್ಟಿದ್ವಲ್ಲ ಅಂತ ಒಬ್ರು ಹೇಳಿದ್ರು. ಕಲ್ಲು ಕಟ್ಟಿದವರಿಗೂ ಕೂಲಿ ಕೊಟ್ಟಿದ್ವಿ, ಅವರ ಹೆಸರು ಬರ್ತಿದೆಯಲ್ಲ ಅಂತ ನಾನು ಕೇಳಿದೆ. ಮಾತು ಅಲ್ಲಿಗೆ ನಿಂತಿದೆ.

ಇನ್ನೊಂದು ಕಡೆಯ ಮಾತೂ ಇದೆ, ಅದು ಇದಕ್ಕಿಂತ ಭಾರದ್ದು. ಹಿರಿಯರ ಮೊಮ್ಮಗ ಓದಿದ ಹುಡುಗ. ತಾತನ ಹೆಸರು ಹಾಕಿ, ಆದ್ರೆ ಜಾತಿಯ ಗುರುತಾಗಿ ಹಾಕಬೇಡಿ ಅಂದ. ಅವನ ಮಾತಿನಲ್ಲಿ ನ್ಯಾಯ ಇದೆ. ಸತ್ತ ದನ ಹೊರೋ ಕೆಲಸ ಬಿಟ್ಟುಬಿಡಿ ಅಂತ ಬಾಬಾಸಾಹೇಬ್ ಅಂಬೇಡ್ಕರ್ ಕರೆ ಕೊಟ್ಟಿದ್ದು ಸುಮ್ನೆ ಅಲ್ಲ. ಆ ಕೆಲಸವನ್ನೇ ನೆಪ ಮಾಡ್ಕೊಂಡು ಊರಾಚೆ ಇಟ್ಟಿದ್ರು. ನನಗೆ ಹೊಲಿಗೆ ಬೇಡ ಅನ್ನಿಸಿದ ದಿನ ಆರೆ ಕೆಳಗಿಟ್ಟು ಎದ್ದು ಹೋಗಬಹುದು. ಅವನ ತಾತನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಅದು ಇಲ್ಲದ ಕಡೆ ಕಲೆ, ಪರಂಪರೆ ಅಂತ ಹೊಗಳಿದ್ರೆ ಅದು ಗಾಯದ ಮೇಲೆ ಹೂವಿನ ಹಾರ ಹಾಕಿದ ಹಾಗೆ.

ಹಾಗಾಗಿ ಕಲ್ಲಿನ ಮೇಲೆ ಏನು ಬರೀಬೇಕು ಅನ್ನೋದನ್ನ ಅವರ ಮನೆಯವರೇ ಹೇಳಲಿ ಅಂತ ನಾನು ಕೇಳ್ಕೊಂಡಿದ್ದೀನಿ. ನನ್ನ ಕಡೆಯಿಂದ ಒಂದು ಸಾಲಿನ ಸಲಹೆ ಕೊಟ್ಟಿದ್ದೀನಿ: ಈ ಬಾವಿಯ ನೀರನ್ನ ಮೇಲೆ ತಂದ ಬಾನಿಗಳನ್ನ ಹೊಲಿದವರು ಇಂಥವರು. ಜಾತಿ ಬೇಡ, ಹೊಗಳಿಕೆ ಬೇಡ. ಕೆಲಸ ಮತ್ತು ಹೆಸರು. ಅವರು ಇದನ್ನ ಬದಲಾಯಿಸಿದ್ರೆ ಅದೇ ಕೆತ್ತಲಿ, ಬೇಡವೇ ಬೇಡ ಅಂದ್ರೆ ಅದಕ್ಕೂ ತಲೆಬಾಗೋಣ. ಕಲ್ಲು ನಿಲ್ಲಿಸೋ ದಿನ ಮೊದಲ ಕೊಡ ಸೇದೋರು ಯಾರು ಅನ್ನೋದೂ ಸಭೆಗೆ ಬರುತ್ತೆ. ನಾನು ಯಾರ ಹೆಸರು ಹೇಳ್ತೀನಿ ಅಂತ ನಿಮಗೆ ಗೊತ್ತು.

ಹಿರಿಯರಿಗೆ ತಮ್ಮ ಅಪ್ಪ, ತಾತ, ಮುತ್ತಾತನ ಹೆಸರು ಬಾಯಲ್ಲೇ ಇವೆ. ಯಾವ ಬಾವಿಗೆ ಯಾರು ಹೊಲೀತಿದ್ರು ಅಂತಾನೂ ಗೊತ್ತು, ನಮ್ಮ ಹೋಬಳಿಯ ಹನ್ನೊಂದು ಬಾವಿಯ ಲೆಕ್ಕ ಹೇಳಿದ್ರು. ಎಲ್ಲಾ ಬರ್ಕೊಂಡಿದ್ದೀನಿ. ನಿಮ್ಮೂರಲ್ಲೂ ಕಪಿಲೆ ಬಾವಿ ಇರುತ್ತೆ, ಎಂಬತ್ತು ದಾಟಿದವರು ಒಬ್ಬರೋ ಇಬ್ಬರೋ ಇರ್ತಾರೆ. ಈ ಬೇಸಿಗೆ ಕೆಲಸ ಕಮ್ಮಿ ಇರೋವಾಗಲೇ ಹೋಗಿ, ಅವರ ಮನೆ ಜಗಲಿ ಮೇಲೆ ಕೂತು, ಅವರು ಕೊಟ್ಟ ನೀರು ಕುಡಿದು, ಬರ್ಕೊಂಡು ಬನ್ನಿ.